ರೋಗ ತಗಲಿದ್ದು ಎಲ್ಲಿ? ರುಜುವಾತು ಯಾರದು?

1898ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದದ್ದು. ಆ ಹಾದಿಯ ರೈಲು ತುಂಗಭದ್ರೆಯನ್ನು ದಾಟಿ ಮೈಸೂರು ಸಂಸ್ಥಾನಕ್ಕೆ ಕಾಲಿಡುತ್ತಿದ್ದುದು ಹರಿಹರದಲ್ಲಿ. ಮುಂದಿನ ದೊಡ್ಡ ಊರು ದಾವಣಗೆರೆ. ಪ್ಲೇಗು ಬಂತೆಂದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ಹಾಗೆ ದೂರ ಸರಿಯಲಾಗದವರು ವೈದ್ಯರು, ಕಾಂಪೌಂಡರರು, ದಾದಿಯರು, ಹೆಣ ಸಾಗಿಸುವವರು. ಅವರಿಗೇ ರೋಗ ತಗಲಿದರೆ?

ಹೊಳೆಯಾಚೆಯ ಮುಂಬಯಿ ಪ್ರಾಂತ್ಯದಲ್ಲಿ ಪ್ಲೇಗು ಹಬ್ಬಿದಾಗ ಬ್ರಿಟಿಷ್ ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತ್ತು. ನಾಲ್ಕೇ ಕಲಮುಗಳ ಪುಟ್ಟ ಕಾಯಿದೆ. ಸದುದ್ದೇಶದಿಂದ ಕೆಲಸ ಮಾಡಿದವರ ಮೇಲೆ ದಾವೆ ಹೂಡುವಂತಿಲ್ಲ ಎನ್ನುತ್ತದೆ ಅದರ ಕೊನೆಯ ಕಲಮು. ಮೊಕದ್ದಮೆಯಿಂದ ರಕ್ಷಣೆ ಸಿಕ್ಕಿತು. ಕರ್ತವ್ಯದಲ್ಲಿ ತಗಲಿದ ರೋಗದ ಬಗ್ಗೆ ಒಂದು ಸಾಲೂ ಇರಲಿಲ್ಲ. 2020ರಲ್ಲಿ ತಿದ್ದುಪಡಿಯಾದಾಗಲೂ ಸೇರಿದ್ದು ವೈದ್ಯಕೀಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದವರಿಗೆ ಶಿಕ್ಷೆ, ಹಲ್ಲೆಯಿಂದಾದ ನಷ್ಟಕ್ಕೆ ಪರಿಹಾರ, ಅಷ್ಟೆ.

ದುಡಿಮೆಯಿಂದ ಬಂದ ರೋಗಕ್ಕೆ ಮಾಲೀಕನೇ ಹೊಣೆ ಎಂಬ ತತ್ವವನ್ನು ಬ್ರಿಟಿಷ್ ಇಂಡಿಯಾದಲ್ಲಿ ತಂದದ್ದು 1923ರ ಕಾರ್ಮಿಕರ ಪರಿಹಾರ ಕಾಯಿದೆ. ಅದರಲ್ಲಿ ಮೊದಲಿನಿಂದಲೇ ಉಣ್ಣೆ, ಚರ್ಮ ಮುಟ್ಟುವವರಿಗೆ ತಗಲುವ ಅಂಥ್ರಾಕ್ಸ್ ಇತ್ತು. ಕಂಬಳಿಗೆ ಹೆಸರಾದ ದಾವಣಗೆರೆ ಸೀಮೆಯವರಿಗೆ ಇದು ಕುತೂಹಲದ ಸಂಗತಿ: ಉಣ್ಣೆಯಿಂದ ಬರುವ ರೋಗ ಕಾನೂನಿನ ಕಣ್ಣಿಗೆ ಬಿತ್ತು, ರೋಗಿಯಿಂದ ಬರುವುದು ಬೀಳಲಿಲ್ಲ! ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಆಸ್ಪತ್ರೆ, ಪ್ರಯೋಗಾಲಯಗಳ ಕೆಲಸದಲ್ಲಿ ತಗಲುವ ಸೋಂಕನ್ನೂ ವೃತ್ತಿರೋಗವೆಂದು ಎಣಿಸಿತು. ಮುಂದೆ ನಮ್ಮ ಪಟ್ಟಿಗೂ ಅದು ಸೇರಿತು.

ಈ ಪಟ್ಟಿಯ ಮಹತ್ವ ಹಣಕ್ಕಿಂತ ರುಜುವಾತಿನಲ್ಲಿದೆ. ರೋಗಾಣು ಆಸ್ಪತ್ರೆಯಲ್ಲಿ ಅಂಟಿತೋ ಸಂತೆಯಲ್ಲಿ ಅಂಟಿತೋ ಎಂದು ತೋರಿಸುವುದು ಯಾರಿಂದಲೂ ಸುಲಭವಲ್ಲ. ಪಟ್ಟಿಯಲ್ಲಿರುವ ರೋಗವಾದರೆ, ಬೇರೆ ರೀತಿ ಸಾಬೀತಾಗುವವರೆಗೂ ಅದು ಕೆಲಸದಿಂದಲೇ ಬಂದದ್ದು ಎಂದು ಆ ಕಾಯಿದೆ ಭಾವಿಸುತ್ತಿತ್ತು. ಆದರೆ ಇದು ನೌಕರರಿಗೆ ಮಾತ್ರ. ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆ ಸರ್ಕಾರದ ಲೆಕ್ಕದಲ್ಲಿ ಸ್ವಯಂಸೇವಕಿ.

2020ರ ಏಪ್ರಿಲ್ ಕೊನೆಯಲ್ಲಿ ದಾವಣಗೆರೆಯಲ್ಲಿ ಕೋವಿಡ್ ಮತ್ತೆ ಕಾಣಿಸಿಕೊಂಡಾಗ ಸೋಂಕಿತರಲ್ಲಿ ಆರೋಗ್ಯ ಸಿಬ್ಬಂದಿಯೂ ಇದ್ದರು. ಕೇಂದ್ರ ಸರ್ಕಾರ ಅದೇ ಮಾರ್ಚ್ 30ರಿಂದ 50 ಲಕ್ಷ ರೂಪಾಯಿಯ ವಿಮೆಯನ್ನು ಜಾರಿಗೆ ತಂದಿತ್ತು. ಆಶಾ ಕಾರ್ಯಕರ್ತೆಯರು, ಗುತ್ತಿಗೆ ನೌಕರರೂ ಅದರಲ್ಲಿ ಸೇರಿದ್ದರೆಂಬುದು ಸಣ್ಣ ಮಾತಲ್ಲ. ಆದರೆ ರೋಗಕ್ಕೆ ಸಂಬಂಧಿಸಿದಂತೆ ಆ ಹಣ ಸಾವಿಗೆ ಮಾತ್ರ. ತಿಂಗಳುಗಟ್ಟಲೆ ನರಳಿ ಬದುಕಿದವರಿಗೆ ಅದರಲ್ಲಿ ಏನೂ ಇರಲಿಲ್ಲ.

ಸರ್ಕಾರದ ಪ್ರತ್ಯೇಕ ಆದೇಶಪತ್ರವಿಲ್ಲ ಎಂಬ ಒಂದೇ ಕಾರಣಕ್ಕೆ ಖಾಸಗಿ ವೈದ್ಯರ ಕುಟುಂಬಗಳಿಗೆ ಈ ವಿಮೆಯನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಡಿಸೆಂಬರ್‌ನಲ್ಲಿ ಹೇಳಿತು. ಕೋವಿಡ್ ಕರ್ತವ್ಯದಲ್ಲಿದ್ದಾಗಲೇ ಜೀವ ಹೋಯಿತೆಂದು ತೋರಿಸುವ ಭಾರ ಮಾತ್ರ ಕುಟುಂಬದ ಮೇಲೆಯೇ ಉಳಿಯಿತು.