ಅಂಗಾಲಿನಿಂದ ಮೂಗಿಗೆ: ಚಿತ್ರದುರ್ಗ ಸೀಮೆಯ ದಾರಿಗಳಲ್ಲಿ ಪ್ರಯಾಣಿಕರ ಎಣ್ಣೆ

ಬೆಂಗಳೂರಿನಿಂದ ಪುಣೆಗೆ ಹೋಗುವ ಹಳೆಯ ಹೆದ್ದಾರಿ ಹಿರಿಯೂರು ಮತ್ತು ಚಿತ್ರದುರ್ಗಗಳನ್ನು ಹಾದುಹೋಗುತ್ತದೆ. ಸೊಲ್ಲಾಪುರದಿಂದ ಮಂಗಳೂರಿಗೆ ಇಳಿಯುವ ಇನ್ನೊಂದು ದಾರಿ ಚಿತ್ರದುರ್ಗದಲ್ಲಿ ಅದನ್ನು ಅಡ್ಡಹಾಯ್ದು, ಹೊಳಲ್ಕೆರೆಯ ಮೇಲೆ ಶಿವಮೊಗ್ಗದ ಕಡೆಗೆ ಸಾಗುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು, ದೂಳು ಯಥೇಚ್ಛವಾಗಿರುವ ಈ ಸೀಮೆಯಲ್ಲಿ ದಾರಿಹೋಕರ ಬವಣೆ ಮತ್ತು ಅದಕ್ಕೆ ಜನ ಕಂಡುಕೊಂಡ ಎಣ್ಣೆಯ ಮದ್ದು ಇವೆರಡಕ್ಕೂ ದೀರ್ಘವಾದ ಇತಿಹಾಸವಿದೆ. ಆದರೆ ಆ ಇತಿಹಾಸ ಒಂದೇ ಎಳೆಯದಲ್ಲ. ನಡೆದು ಅಥವಾ ಗಾಡಿಯಲ್ಲಿ ಹೋಗುತ್ತಿದ್ದವರ ಎಣ್ಣೆ ಅಂಗಾಲಿಗೆ ಮತ್ತು ನೆತ್ತಿಗೆ ಸಲ್ಲುತ್ತಿತ್ತು. ಬಸ್ಸು ಬಂದ ಮೇಲೆ ಪ್ರಯಾಣಿಕರ ಎಣ್ಣೆ ಮೂಗಿಗೂ ಹಣೆಗೂ ಏರಿತು. ಸುಗಂಧ ತೈಲಗಳಿಂದ ಪ್ರಯಾಣದ ಆಯಾಸ ನೀಗಿಸುವುದು ಅನಾದಿ ಪದ್ಧತಿಯೆಂದು ಇಂದಿನ ಜಾಹೀರಾತುಗಳು ಹೇಳುವುದುಂಟು. ಈ ಸೀಮೆಯ ಮಟ್ಟಿಗೆ ಆ ಮಾತನ್ನು ಹಾಗೆಯೇ ಒಪ್ಪಲಾಗದು.

ಎರಡು ಬಗೆಯ ಎಣ್ಣೆಗಳನ್ನು ಇಲ್ಲಿ ಬೇರೆಬೇರೆಯಾಗಿ ನೋಡಬೇಕಾಗುತ್ತದೆ. ಎಳ್ಳು, ಹರಳು, ಕೊಬ್ಬರಿ, ಕಡಲೆಕಾಯಿಗಳನ್ನು ಗಾಣದಲ್ಲಿ ಅರೆದು ತೆಗೆಯುವ ಎಣ್ಣೆ ಜಿಡ್ಡಿನದು. ಬಟ್ಟೆಗೆ ತಾಗಿದರೆ ಕಲೆ ಉಳಿಯುತ್ತದೆ, ಗಾಳಿಗೆ ಆರಿಹೋಗುವುದಿಲ್ಲ. ಸುಗಂಧ ತೈಲವೆಂದರೆ ಗಿಡದ ಎಲೆ, ಸಿಪ್ಪೆ, ಬೇರು ಅಥವಾ ಚೇಗಿನಲ್ಲಿ ಅಡಗಿರುವ, ಆವಿಯಾಗಿ ಹಾರಿಹೋಗುವ ಗುಣದ ಪರಿಮಳದ್ರವ್ಯ. ಅದನ್ನು ಬೇರ್ಪಡಿಸಲು ಗಾಣ ಸಾಲದು, ಭಟ್ಟಿ ಬೇಕು: ಸೊಪ್ಪಿನ ಅಥವಾ ಪುಡಿಯ ಮೂಲಕ ನೀರಾವಿಯನ್ನು ಹಾಯಿಸಿದಾಗ ಪರಿಮಳದ ಅಂಶ ಆವಿಯೊಡನೆ ಮೇಲೆದ್ದು, ತಣ್ಣಗಿನ ಕೊಳವೆಯಲ್ಲಿ ಮತ್ತೆ ದ್ರವವಾಗಿ, ಸಾಮಾನ್ಯವಾಗಿ ನೀರಿನ ಮೇಲೆ ತೇಲುತ್ತದೆ. ಚಿತ್ರದುರ್ಗ ಮೊದಲಿನಿಂದಲೂ ಗಾಣದ ಎಣ್ಣೆಯ ಸೀಮೆ. ಕೋಟೆಯೊಳಗೆ ಎಣ್ಣೆ ಕೊಳ, ತುಪ್ಪದ ಕೊಳ ಎಂದು ಕರೆಯುವ ಸ್ಥಳಗಳಿವೆ. ಕಡಲೆಕಾಯಿ ಎಣ್ಣೆಯ ಗಿರಣಿಗಳಿಂದಾಗಿ ಜಿಲ್ಲೆಯ ಚಳ್ಳಕೆರೆಗೆ ತೈಲನಗರಿಯೆಂಬ ಹೆಸರು ಬಂದಿದೆ. ಭಟ್ಟಿಯ ಎಣ್ಣೆ ಇಲ್ಲಿಗೆ ಹೊರಗಿನಿಂದ, ಪುಟ್ಟ ಸೀಸೆಗಳಲ್ಲಿ, ತಡವಾಗಿ ಬಂದದ್ದು.

ಹಾಗೆಂದು ಹಿಂದಿನವರಿಗೆ ಪರಿಮಳದ ಉಪಯೋಗ ತಿಳಿದಿರಲಿಲ್ಲವೆಂದಲ್ಲ. ಕ್ರಿ.ಶ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೈದ್ಯ, ಪಾಕ, ವೃಕ್ಷಾಯುರ್ವೇದಗಳ ಜೊತೆಗೆ ಗಂಧದ್ರವ್ಯಗಳನ್ನು ಕೂಡಿಸುವ ವಿದ್ಯೆಗೂ ಸ್ಥಾನವಿದೆ. ಅದರ ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ಹೂವಿನ ಪರಿಮಳ ಹಿಡಿಸಿದ ಎಳ್ಳೆಣ್ಣೆಯ ಅಭ್ಯಂಜನವನ್ನು ವರ್ಣಿಸುತ್ತದೆ. ಅಲ್ಲಿನ ತತ್ತ್ವ ಸರಳವಾದದ್ದು: ಜಿಡ್ಡಿನ ಎಣ್ಣೆ ಹೂವಿನ ಹಾರುವ ಪರಿಮಳವನ್ನು ಹೀರಿ ಹಿಡಿದಿಟ್ಟುಕೊಂಡು, ಮೈಯ ಬಿಸಿಗೆ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ. ಆದರೆ ಅದು ಅರಮನೆಯ ಭೋಗ. ಹೇರೆತ್ತು ಹೊಡೆದುಕೊಂಡು ಉಪ್ಪು, ದವಸ ಸಾಗಿಸುತ್ತಿದ್ದ ಲಂಬಾಣಿಗೋ ಜಾತ್ರೆಗೆ ನಡೆದು ಹೋಗುವ ಒಕ್ಕಲಿಗೋ ಅದು ಎಟುಕುವಂಥದ್ದಾಗಿರಲಿಲ್ಲ.

ಅಂಥವರ ಪಾಲಿಗೆ ಎಣ್ಣೆಯೆಂದರೆ ಮುಖ್ಯವಾಗಿ ಹರಳೆಣ್ಣೆ. ಎತ್ತಿನ ಗಾಡಿಯ ಅಡಿಯಲ್ಲಿ ತೂಗುಬಿಟ್ಟ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ, ಅಂದರೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಮಾಡಿದ ಮಂದವಾದ ಜಿಡ್ಡು, ಸದಾ ಇರುತ್ತಿತ್ತು. ಅಚ್ಚು ಕಿರುಗುಟ್ಟಿದಾಗ ಗಾಡಿ ನಿಲ್ಲಿಸಿ, ಗಾಲಿಯನ್ನು ಸ್ವಲ್ಪ ಹೊರಗೆಳೆದು, ಗೊಟ್ಟದಲ್ಲಿದ್ದ ಕಡ್ಡಿಯಿಂದ ಅದನ್ನು ಸವರುತ್ತಿದ್ದರು. ಕರಿ ಬೆರೆಸದ ಅದೇ ಹರಳೆಣ್ಣೆ ರಾತ್ರಿ ತಂಗಿದಲ್ಲಿ ಒಡೆದ ಹಿಮ್ಮಡಿಗೂ ಉರಿಯುವ ಅಂಗಾಲಿಗೂ ಕಾದ ನೆತ್ತಿಗೂ ಒದಗುತ್ತಿತ್ತು. ಬಿಸಿಲಿಗೆ ತಲೆ ಸಿಡಿದರೆ ಸಾಣೆಕಲ್ಲಿನ ಮೇಲೆ ತೇಯ್ದ ಗಂಧವನ್ನು ಹಣೆಗೆ ಹಚ್ಚುವುದು, ಕುಡಿಯುವ ನೀರಿನ ಗಡಿಗೆಗೆ ಲಾವಂಚದ ಬೇರು ಹಾಕುವುದು, ಹೊಟ್ಟೆ ತೊಳಸಿದರೆ ಓಮದ ಕಾಳು ಅಥವಾ ಲವಂಗ ಅಗಿಯುವುದು, ನೆಗಡಿಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ ತಿಕ್ಕುವುದು ಇವೆಲ್ಲ ಮನೆಯ ಮದ್ದುಗಳೇ. ಇವುಗಳಲ್ಲಿ ಕೆಲಸ ಮಾಡುವುದು ಸುಗಂಧ ತೈಲವೇ ಆದರೂ ಅದನ್ನು ಗಿಡದಿಂದ ಬಿಡಿಸಿ ತೆಗೆದಿರಲಿಲ್ಲ. ಕಾಳನ್ನು ಅಗಿಯುವ ಹಲ್ಲು ಮತ್ತು ಕೊರಡನ್ನು ತೇಯುವ ಕಲ್ಲುಗಳೇ ಭಟ್ಟಿಯ ಬದಲಿಗೆ ಒದಗುತ್ತಿದ್ದವು.

1801ರಲ್ಲಿ ಈ ಸೀಮೆಯನ್ನು ಹಾದುಹೋದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದ ಒಂದು ಅಧ್ಯಾಯವನ್ನು ಹೈದರ್‌ನಗರದಿಂದ, ಅಂದರೆ ಇಂದಿನ ನಗರದಿಂದ, ಹಿರಿಯೂರಿನವರೆಗಿನ ಪಯಣಕ್ಕೇ ಮೀಸಲಿಟ್ಟಿದ್ದಾನೆ. ಮದಕರಿ ನಾಯಕನ ದುರ್ಗ ಹೈದರಾಲಿಯ ಕೈಸೇರಿ ಆಗಿನ್ನೂ ಎರಡು ದಶಕ ಕಳೆದಿತ್ತಷ್ಟೆ. ಅಂದಿನ ಪಯಣವೆಂದರೆ ಒಂದು ತಂಗುದಾಣದಿಂದ ಮತ್ತೊಂದಕ್ಕೆ ದಿನಕ್ಕೊಂದು ಮಜಲು ನಡೆಯುವುದು. ಆದ್ದರಿಂದ ಬವಣೆಗಳೂ ಕಾಲು, ಚರ್ಮ ಮತ್ತು ಬಿಸಿಲಿಗೆ ಸಂಬಂಧಿಸಿದವೇ ಆಗಿದ್ದವು.

ಮೈಸೂರು ರಾಜ್ಯಕ್ಕೆ ಭಟ್ಟಿಯ ಎಣ್ಣೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಯುದ್ಧದ ಕಾರಣದಿಂದ. ಟಿಪ್ಪು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ ಆ ಮರ ಸರ್ಕಾರದ ಸ್ವತ್ತಾಗಿಯೇ ಉಳಿದು, ಕೊರಡುಗಳು ಹರಾಜಾಗಿ ಬಹುಪಾಲು ಯುರೋಪಿಗೆ, ಅದರಲ್ಲೂ ಜರ್ಮನಿಯ ಭಟ್ಟಿಗಳಿಗೆ ಹೋಗುತ್ತಿದ್ದವು. 1914ರಲ್ಲಿ ಮೊದಲ ಮಹಾಯುದ್ಧ ಆ ಮಾರುಕಟ್ಟೆಯನ್ನು ಮುಚ್ಚಿತು. ಆಗ ಕೈಗಾರಿಕಾ ತಜ್ಞ ಆಲ್ಫ್ರೆಡ್ ಚಾಟರ್ಟನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರ ಪ್ರಯತ್ನದಿಂದ 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಗಂಧದೆಣ್ಣೆ ತೆಗೆಯುವುದು ಆರಂಭವಾಯಿತು. ಚೇಗನ್ನು ಪುಡಿ ಮಾಡಿ ದಿನಗಟ್ಟಲೆ ಆವಿ ಹಾಯಿಸಿ ಪಡೆಯುವ ಈ ದುಬಾರಿ ಎಣ್ಣೆ ದಾರಿಹೋಕರ ಜೇಬಿಗೆ ಬರಲಿಲ್ಲ. ಬಂದದ್ದು ಅದರ ಸಾಬೂನು. ಗಂಧದ ಮರ ಬೆಳೆಯುವ ಒಣ ಸೀಮೆಯ ಜನ ಹಣೆಗೆ ತೇಯ್ದ ಗಂಧವನ್ನೇ ಹಚ್ಚುತ್ತ ಹೋದರು.

ಜೇಬಿಗೆ ಬಂದ ಸೀಸೆಗಳ ಕಥೆ ಬೇರೆಯೇ. ಕಾಶೀನಾಧುನಿ ನಾಗೇಶ್ವರ ರಾವ್ 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಅಮೃತಾಂಜನ ತಲೆನೋವಿನ ಮುಲಾಮಾಗಿ ದಕ್ಷಿಣದಲ್ಲೆಲ್ಲ ಹಬ್ಬಿತು. ಲಾಹೋರಿನಲ್ಲಿ ಠಾಕೂರ್ ದತ್ತ ಶರ್ಮ 20ನೆಯ ಶತಮಾನದ ಆರಂಭದಲ್ಲಿ ಮಾರಾಟಕ್ಕಿಟ್ಟ ಅಮೃತಧಾರಾ ಇನ್ನೂ ಕುತೂಹಲಕರವಾದದ್ದು. ಕರ್ಪೂರ, ಪುದೀನದ ಹರಳು ಮತ್ತು ಓಮದ ಹರಳು ಮೂರೂ ಗಟ್ಟಿ ಪದಾರ್ಥಗಳು. ಆದರೆ ಅವನ್ನು ಒಂದೇ ಸೀಸೆಗೆ ಹಾಕಿ ಅಲುಗಿಸಿದರೆ, ಬೆರೆತಾಗ ಒಂದೊಂದರ ಕರಗುವ ಉಷ್ಣತೆಯೂ ಕೆಳಗಿಳಿಯುವ ಕಾರಣ, ಬೆಂಕಿಯ ಹಂಗಿಲ್ಲದೆ ಅವು ನೀರಾಗುತ್ತವೆ. ಮನೆಯಲ್ಲೇ ಮಾಡಿಕೊಳ್ಳಬಹುದಾದ ಈ ಬೆರಕೆಯ ಹೆಸರಿಗಾಗಿ ‘ಲಕ್ಷ್ಮಣಧಾರಾ’ ಎಂಬ ಪ್ರತಿಸ್ಪರ್ಧಿಯೊಡನೆ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1962ರಲ್ಲಿ ಇತ್ಯರ್ಥವಾಯಿತೆಂಬುದು ಆ ಪುಟ್ಟ ಸೀಸೆಯ ಬೆಲೆಯನ್ನು ತಿಳಿಸುತ್ತದೆ.

ಈ ಸೀಸೆಗಳಿಗೆ ಚಿತ್ರದುರ್ಗದ ದಾರಿಗಳಲ್ಲಿ ಬೇಡಿಕೆ ಹುಟ್ಟಲು ಮುಖ್ಯ ಕಾರಣ ಮೋಟಾರು. 19ನೆಯ ಶತಮಾನದ ಕೊನೆಗೆ ಬಂದ ಬೆಂಗಳೂರು–ಹರಿಹರ ರೈಲುಮಾರ್ಗ ಚಿತ್ರದುರ್ಗ ಮತ್ತು ಹಿರಿಯೂರುಗಳನ್ನು ಬಿಟ್ಟು ಪಶ್ಚಿಮಕ್ಕೆ ಸರಿದುಹೋಯಿತು. ಹೊಸದುರ್ಗದ ಹೆಸರು ಹೊತ್ತ ಹೊಸದುರ್ಗ ರೋಡ್ ನಿಲ್ದಾಣ ಊರಿನಿಂದ ದೂರದಲ್ಲಿದೆ, ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಕವಲುಮಾರ್ಗ ಬರಲು 1921ರವರೆಗೆ ಕಾಯಬೇಕಾಯಿತು, ಹಿರಿಯೂರಿಗೆ ಅದೂ ಇಲ್ಲ. ಹೀಗಾಗಿ ಜನರ ಓಡಾಟ ಬಸ್ಸನ್ನೇ ನೆಚ್ಚಿತು. ಎರಡನೆಯ ಮಹಾಯುದ್ಧದ ಪೆಟ್ರೋಲ್ ಅಭಾವದಲ್ಲಿ ಬಸ್ಸಿನ ಹಿಂಬದಿಗೆ ಒಲೆ ಕಟ್ಟಿ, ಇದ್ದಿಲು ಸುಟ್ಟು ಬಂದ ಅನಿಲದಿಂದ ಎಂಜಿನ್ ಓಡಿಸುತ್ತಿದ್ದ ದಿನಗಳಂತೂ ಹೊಗೆ ಮತ್ತು ಕುಲುಕಾಟದ ದಿನಗಳು. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಹುಟ್ಟಿದ ಮೇಲೂ ಈ ಜಿಲ್ಲೆಯ ಹಳ್ಳಿಗಳನ್ನು ಬಹುಕಾಲ ಮುಟ್ಟುತ್ತಿದ್ದವು ಖಾಸಗಿ ಬಸ್ಸುಗಳೇ.

ಗಾಡಿಯಲ್ಲಿ ಅಷ್ಟಾಗಿ ಕಾಡದ ಒಂದು ಬವಣೆ ಬಸ್ಸಿನಲ್ಲಿ ಸಾಮಾನ್ಯವಾಯಿತು. ಒಳಗಿವಿಯಲ್ಲಿರುವ ಸಮತೋಲದ ಅಂಗ ದೇಹ ಅಲುಗುತ್ತಿದೆಯೆಂದು ಹೇಳುವಾಗ, ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು ಏನೂ ಅಲುಗುತ್ತಿಲ್ಲವೆಂದು ಹೇಳುತ್ತದೆ. ಈ ವಿರೋಧದಿಂದ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಸುಟ್ಟ ಡೀಸೆಲ್ಲಿನ ವಾಸನೆ ಅದನ್ನು ಕೆರಳಿಸುತ್ತದೆ. ಇದಕ್ಕೆ ಜನ ಕಂಡುಕೊಂಡ ಮದ್ದುಗಳಲ್ಲಿ ಅತ್ಯಂತ ಅಗ್ಗದ್ದು ನಿಂಬೆಹಣ್ಣು. ಕಿಟಕಿಯ ಪಕ್ಕ ಕುಳಿತವರು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ತಂದ ಹಣ್ಣನ್ನು ಬಿಚ್ಚಿ, ಉಗುರಿನಿಂದ ಸಿಪ್ಪೆಯನ್ನು ಗೀರಿ ಮೂಗಿಗೆ ಹಿಡಿಯುತ್ತಾರೆ; ಹಣ್ಣನ್ನು ಹೋಳು ಮಾಡುವುದಿಲ್ಲ, ಹಿಂಡುವುದಿಲ್ಲ. ಸಿಪ್ಪೆಯ ಹೊರಪದರದಲ್ಲಿರುವ ಸಣ್ಣ ಚೀಲಗಳು ಒಡೆದು ಸಿಡಿಯುವುದು ರಸವಲ್ಲ, ನಿಂಬೆಯ ಸುಗಂಧ ತೈಲ. ಪರಿಮಳ ಮಂದವಾದಾಗ ಹಣ್ಣನ್ನು ತಿರುಗಿಸಿ ಹೊಸ ಜಾಗದಲ್ಲಿ ಗೀರಿದರಾಯಿತು. ಈ ಸೀಮೆಯ ಪ್ರಯಾಣಿಕರ ಸುಗಂಧ ಚಿಕಿತ್ಸೆಗೆ ಒಂದು ಲಾಂಛನ ಬೇಕಿದ್ದರೆ ಅದು ಸೀಸೆಗಿಂತ ಗೀರುಬಿದ್ದ ಈ ಹಣ್ಣಿಗೇ ಹೆಚ್ಚು ಸಲ್ಲುತ್ತದೆ. ಫ್ರಾನ್ಸಿನ ರಸಾಯನತಜ್ಞ ಗಾಟ್‌ಫೊಸೆ 1937ರಲ್ಲಿ ಪುಸ್ತಕ ಬರೆದು ಸುಗಂಧ ಚಿಕಿತ್ಸೆಗೆ ಒಂದು ಹೆಸರು ಕೊಟ್ಟದ್ದು ಸೆರಗಿನಲ್ಲಿ ನಿಂಬೆ ಕಟ್ಟಿದವರಿಗೆ ತಿಳಿದಿರಬೇಕಾದ ಅಗತ್ಯವೇನೂ ಇರಲಿಲ್ಲ.

ನೀಲಗಿರಿ ಎಣ್ಣೆಯ ವಿಷಯದಲ್ಲಿ ಮಾತ್ರ ಈ ಜಿಲ್ಲೆಗೆ ಒಂದು ವಿಚಿತ್ರ ಸಂಬಂಧವಿದೆ. ಆಸ್ಟ್ರೇಲಿಯಾ ಮೂಲದ ಈ ಮರವನ್ನು 1790ರ ಸುಮಾರಿಗೆ ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟದಲ್ಲಿಯೂ 1843ರಲ್ಲಿ ನೀಲಗಿರಿ ಬೆಟ್ಟಗಳಲ್ಲಿಯೂ ನೆಟ್ಟರೆಂದು ಅರಣ್ಯ ಇತಿಹಾಸ ದಾಖಲಿಸುತ್ತದೆ. ಔಷಧದ ಎಣ್ಣೆ ಹೇರಳವಾಗಿ ಕೊಡುವ ತಳಿ ಊಟಿಯ ತಂಪಿನದು. ನೆಗಡಿಗೆ, ಬಸ್ಸಿನ ತಲೆಭಾರಕ್ಕೆ ಕರವಸ್ತ್ರದ ಮೇಲೆ ಹನಿಸುವ ಎಣ್ಣೆ ಅಲ್ಲಿನ ಭಟ್ಟಿಗಳಿಂದ ಬರುತ್ತದೆ. ಚಿತ್ರದುರ್ಗ, ತುಮಕೂರು, ಕೋಲಾರಗಳ ಒಣ ಬಯಲಿನಲ್ಲಿ 1960ರ ದಶಕದಿಂದೀಚೆಗೆ, ವಿಶೇಷವಾಗಿ 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ, ಹಬ್ಬಿದ್ದು ‘ಮೈಸೂರು ಗಮ್’ ಎಂಬ ಬೇರೆ ತಳಿ. ಎಲೆಯಲ್ಲಿ ಎಣ್ಣೆ ಕಡಿಮೆ, ಕಾಂಡದಲ್ಲಿ ನಾರು ಹೆಚ್ಚು. ಹರಿಹರದ ಬಳಿ ಕುಮಾರಪಟ್ಟಣದಲ್ಲಿ ಬಂದ, ಮರದ ತಿರುಳು ತೆಗೆಯುವ ಕಾರ್ಖಾನೆಯಂಥವಕ್ಕೆ ಬೇಕಿದ್ದುದೂ ಆ ನಾರೇ. ಹೀಗೆ ಹೆದ್ದಾರಿಯ ಎರಡೂ ಬದಿ ನೀಲಗಿರಿ ತೋಪುಗಳಿದ್ದ ಸೀಮೆಯ ಪ್ರಯಾಣಿಕರು ನೀಲಗಿರಿ ಎಣ್ಣೆಯನ್ನು ಊಟಿಯ ಸೀಸೆಯಲ್ಲೇ ಕೊಳ್ಳಬೇಕಾಯಿತು. ಅಂತರ್ಜಲದ ಆತಂಕ ಬೆಳೆದು 2017ರಲ್ಲಿ ರಾಜ್ಯ ಸರ್ಕಾರ ಈ ಮರವನ್ನು ಹೊಸದಾಗಿ ನೆಡುವುದನ್ನೇ ನಿಷೇಧಿಸಿತು.

ಈ ಎಣ್ಣೆಗಳು ನಿಜವಾಗಿ ಎಷ್ಟು ಕೆಲಸ ಮಾಡುತ್ತವೆಂಬ ಪ್ರಶ್ನೆಗೆ ಉತ್ತರ ಮಿತವಾದದ್ದು. ಪುದೀನದ ಹರಳು ಚರ್ಮದ ಮತ್ತು ಮೂಗಿನ ತಂಪು ತಿಳಿಯುವ ನರಗಳನ್ನು ಚೋದಿಸುತ್ತದೆ; ಮೂಗು ತೆರೆದಂತೆ ಅನಿಸುವುದು ಆ ತಂಪಿನಿಂದ, ಕಟ್ಟಿದ ದಾರಿ ಬಿಟ್ಟಿದ್ದರಿಂದಲ್ಲ. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಗೆ ಸುಗಂಧ ತೈಲಗಳನ್ನು ಮೂಸಿಸುವ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಕಾಕ್ರೇನ್ ವಿಮರ್ಶೆಗೆ ದೊರೆತ ಆಧಾರ ಗಟ್ಟಿಯಾದದ್ದಾಗಿರಲಿಲ್ಲ. ಬಸ್ಸಿನ ಮುಂಭಾಗದಲ್ಲಿ ಕುಳಿತು ದೂರದ ದಾರಿಯನ್ನು ನೋಡುವುದೂ ಕಿಟಕಿ ತೆರೆಯುವುದೂ ನಿಂಬೆಯಷ್ಟೇ, ಬಹುಶಃ ಅದಕ್ಕಿಂತ ಹೆಚ್ಚು, ನೆರವಾಗುತ್ತವೆ. ಅಪಾಯಗಳು ಮಾತ್ರ ಮಿತವಾದವಲ್ಲ: ಕರ್ಪೂರ ಮತ್ತು ನೀಲಗಿರಿ ಎಣ್ಣೆ ಹೊಟ್ಟೆ ಸೇರಿದರೆ ಮಕ್ಕಳಿಗೆ ಫಿಟ್ಸ್ ಬರಬಹುದು, ಹಸುಗೂಸುಗಳ ಮೂಗಿನ ಬಳಿ ಇವನ್ನು ಹಚ್ಚುವುದೂ ಸಲ್ಲದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಈಚಿನ ವರ್ಷಗಳಲ್ಲಿ ಪ್ರಕಟಿಸಿದ ಅಧ್ಯಯನಗಳು, ಮುಲಾಮು ಮತ್ತು ಎಣ್ಣೆಗಳಲ್ಲಿರುವ ಇವೇ ಎರಡು ದ್ರವ್ಯಗಳಿಂದ ದೊಡ್ಡವರಲ್ಲಿಯೂ ಫಿಟ್ಸ್ ಕಾಣಿಸಿಕೊಂಡ ಪ್ರಕರಣಗಳನ್ನು ದಾಖಲಿಸಿವೆ. ಫಿಟ್ಸ್ ಬಂದವರ ಪೂರ್ವವೃತ್ತಾಂತ ಕೇಳುವಾಗ ಯಾವ ಮುಲಾಮು ಹಚ್ಚಿದ್ದರು, ಯಾವ ಎಣ್ಣೆ ಮೂಸಿದ್ದರು ಎಂಬುದನ್ನೂ ವೈದ್ಯರು ವಿಚಾರಿಸಬೇಕೆಂಬುದು ಅವರ ಸಲಹೆ.