ಇನ್ನೂರು ಹೆಜ್ಜೆಗಳು



ನನ್ನ ಹೃದಯದ ಶಸ್ತ್ರಚಿಕಿತ್ಸೆಯ ಸುದ್ದಿ ತಿಳಿದು ನಿಮ್ಮಲ್ಲಿ ಅನೇಕರು ದೂರವಾಣಿ ಮಾಡಿದಿರಿ. "ಗುರುಗಳೇ, ಇನ್ನು ಮಂಚ ಬಿಟ್ಟು ಏಳಕೂಡದು" ಎಂದು ಪ್ರೀತಿಯಿಂದ ಅಪ್ಪಣೆ ಕೊಟ್ಟವರೂ ಉಂಟು. ಮೂವತ್ತನಾಲ್ಕು ವರ್ಷ ಇತಿಹಾಸ ಕಲಿಸಿದವನು ಇದಕ್ಕೆ ಇತಿಹಾಸದ ಮೂಲಕವೇ ಉತ್ತರ ಕೊಡುವುದು ನ್ಯಾಯವಷ್ಟೇ.

ನಮ್ಮ ಬಸವಕಲ್ಯಾಣದಿಂದಲೇ ಆರಂಭಿಸುತ್ತೇನೆ. ಚಾಲುಕ್ಯರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದವನು ಆಹವಮಲ್ಲ ಒಂದನೆಯ ಸೋಮೇಶ್ವರ. ವಾಸಿಯಾಗದ ಜ್ವರಕ್ಕೆ ತುತ್ತಾದ ಅವನು 1068ರಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಯ ನೀರಿನಲ್ಲಿ ದೇಹತ್ಯಾಗ ಮಾಡಿದನು. ಅವನ ಮಗ ಆರನೆಯ ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣನು 'ವಿಕ್ರಮಾಂಕದೇವಚರಿತ'ದಲ್ಲಿ ಇದನ್ನು ವರ್ಣಿಸಿದ್ದಾನೆ. ಈ ಪಾಠ ಬಂದಾಗಲೆಲ್ಲ ಯಾರಾದರೊಬ್ಬ ಹುಡುಗ ಎದ್ದು ನಿಂತು, "ಸಾರ್, ಅರಸನಿಗೆ ವೈದ್ಯರಿರಲಿಲ್ಲವೇ?" ಎಂದು ಕೇಳುತ್ತಿದ್ದನು.

ವೈದ್ಯರಿದ್ದರು, ಗ್ರಂಥಗಳೂ ಇದ್ದವು. ದೇಹಕ್ಕೆ ಅತಿಯಾದ ಆಯಾಸವಾಗದಂತೆ ನಡೆಯುವುದರಿಂದ ಆಯುಸ್ಸು, ಬಲ, ಜಠರಾಗ್ನಿ ವೃದ್ಧಿಸುತ್ತವೆಂದು ಸುಶ್ರುತಸಂಹಿತೆಯು ಅದಕ್ಕೂ ಬಹುಕಾಲ ಮುಂಚೆಯೇ ಹೇಳಿತ್ತು. ಆದರೆ ಜ್ವರಕ್ಕೆ ನಡಿಗೆ ಮದ್ದಲ್ಲ. ಯಾವ ರೋಗಿ ಮಲಗಬೇಕು, ಯಾವಾಗ ಏಳಬೇಕು ಎಂಬ ವಿವೇಕವು ವೈದ್ಯಶಾಸ್ತ್ರಕ್ಕೆ ಬಹಳ ತಡವಾಗಿ ಬಂದಿತು.

ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡೆನ್‌ ಬರೆದ, 1802ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಒಂದು ಕುತೂಹಲದ ಸಂಗತಿಯಿದೆ. ಎದೆನೋವಿನ ರೋಗಿಯೊಬ್ಬನು ದಿನವೂ ಅರ್ಧ ಗಂಟೆ ಮರ ಕೊಯ್ದು ಬಹುಮಟ್ಟಿಗೆ ಗುಣವಾದನಂತೆ. ಲೋಕ ಅದನ್ನು ಮರೆಯಿತು. 1912ರಲ್ಲಿ ಅಮೆರಿಕದ ಜೇಮ್ಸ್‌ ಹೆರಿಕ್‌ ಹೃದಯಾಘಾತದ ಸ್ವರೂಪವನ್ನು ವಿವರಿಸಿ ಪೂರ್ಣ ವಿಶ್ರಾಂತಿಗೆ ಒತ್ತು ಕೊಟ್ಟರು. ಮುಂದೆ ರೋಗಿಯನ್ನು ವಾರಗಟ್ಟಲೆ, ಹಲವೆಡೆ ಆರು ವಾರ, ಹಾಸಿಗೆಗೆ ಕಟ್ಟಿಹಾಕುವುದೇ ಪದ್ಧತಿಯಾಯಿತು.

ಈ ಪದ್ಧತಿಯನ್ನು ನಾನು ಪುಸ್ತಕದಲ್ಲಿ ಮಾತ್ರ ಓದಿದವನಲ್ಲ. 1971ರ ಜನವರಿಯಲ್ಲಿ, ಹುಮನಾಬಾದಿನ ನಮ್ಮ ಮನೆಯಲ್ಲಿ ಹಿರಿಯಣ್ಣನು ಹೃದಯಾಘಾತದಿಂದ ಮಲಗಿದ್ದನು. ವೀರಭದ್ರೇಶ್ವರ ಜಾತ್ರೆಯ ದಿನ ಡೊಳ್ಳಿನ ಸದ್ದು ಕೇಳಿ, "ಬೀದಿಯ ತನಕ ಹೋಗಿ ತೇರು ನೋಡಿ ಬರುತ್ತೇನೆ" ಎಂದನು. ನಾವೆಲ್ಲರೂ ಗದರಿಸಿ ಮಲಗಿಸಿದೆವು. ನಾನೇ ಬಾಗಿಲು ಮುಂದು ಮಾಡಿದೆನು. ಅವನ ಕಾಲುಗಳು ದಿನೇ ದಿನೇ ಕಡ್ಡಿಯಂತಾದವು. ಐದನೆಯ ವಾರ ಒಂದು ಬೆಳಗಿನ ಜಾವ ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಅವನು ತೀರಿಕೊಂಡನು. ಮಲಗಿಸಿದ್ದೇ ಕಾರಣವೆಂದು ನಾನು ಹೇಳಲಾರೆ. ಅಲ್ಲವೆಂದು ಹೇಳಿ ನೆಮ್ಮದಿಯಿಂದ ಇರಲೂ ಆರೆ.

ಏಕೆಂದರೆ, ಹಾಸಿಗೆಯ ಅಪಾಯ ಅಷ್ಟರಲ್ಲಾಗಲೇ ತಿಳಿದಿತ್ತು. ದೀರ್ಘಕಾಲ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಸ್ನಾಯುಗಳು ಕರಗುತ್ತವೆ, ಮೂಳೆ ಸವೆಯುತ್ತದೆ ಎಂದು ಲಂಡನ್ನಿನ ವೈದ್ಯ ರಿಚರ್ಡ್‌ ಆಶರ್‌ 1947ರಲ್ಲಿಯೇ ಬರೆದಿದ್ದರು. 1952ರಲ್ಲಿ ಲೆವಿನ್‌ ಮತ್ತು ಲೌನ್‌ ಎಂಬ ಅಮೆರಿಕದ ವೈದ್ಯರು 81 ಮಂದಿ ಹೃದ್ರೋಗಿಗಳನ್ನು ಹಾಸಿಗೆಯಿಂದೆಬ್ಬಿಸಿ ಕುರ್ಚಿಯಲ್ಲಿ ಕೂರಿಸಿ ಚಿಕಿತ್ಸೆ ನೀಡಿದ ವರದಿ ಪ್ರಕಟಿಸಿದರು. 1953ರಲ್ಲಿ ಜೆರಿ ಮಾರಿಸ್‌, ಲಂಡನ್ನಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಿಗಿಂತ ಕುಳಿತೇ ಇರುವ ಚಾಲಕರಿಗೆ ಹೃದ್ರೋಗ ಹೆಚ್ಚೆಂದು ತೋರಿಸಿದರು. ಈ ಅರಿವು ಲಂಡನ್ನಿನಿಂದ ಹುಮನಾಬಾದಿನ ನಮ್ಮ ಓಣಿಯನ್ನು ಮುಟ್ಟಲು ತಡವಾಯಿತು, ಅಷ್ಟೆ.

ಕಾರಣವೇನೂ ಗೂಢವಲ್ಲ. ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪಿನಂತೆ ದುಡಿಯುತ್ತದೆ. ಪಳಗಿದ ಸ್ನಾಯುಗಳು ರಕ್ತದಲ್ಲಿರುವ ಆಮ್ಲಜನಕವನ್ನು ಚೆನ್ನಾಗಿ ಬಳಸಿಕೊಳ್ಳುವುದರಿಂದ ಅದೇ ಕೆಲಸಕ್ಕೆ ಹೃದಯವು ಕಡಿಮೆ ಶ್ರಮಪಟ್ಟರೆ ಸಾಕು. ಇದು ಹೃದ್ರೋಗಕ್ಕೆ ಮಾತ್ರ ಸೀಮಿತವೂ ಅಲ್ಲ. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಮುಗಿಸಿದ 889 ಮಂದಿಯ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಮೂರು ವರ್ಷ ಮಾರ್ಗದರ್ಶನದಲ್ಲಿ ವ್ಯಾಯಾಮ ಮಾಡಿದವರಲ್ಲಿ ಎಂಟು ವರ್ಷಗಳ ಬಳಿಕ ಶೇಕಡ 90ರಷ್ಟು ಜನ ಬದುಕಿದ್ದರು. ಕೇವಲ ತಿಳಿವಳಿಕೆಯ ಪುಸ್ತಕ ಪಡೆದವರಲ್ಲಿ ಶೇಕಡ 83. ಅವರಲ್ಲಿ ಅನೇಕರು ಆಯ್ದುಕೊಂಡ ವ್ಯಾಯಾಮ ಬಿರುಸಿನ ನಡಿಗೆಯೇ.

ಇನ್ನು ನನ್ನ ವಿಷಯ. ಶಸ್ತ್ರಚಿಕಿತ್ಸೆಯ ಮರುದಿನವೇ ದಾದಿಯೊಬ್ಬಳು ನನ್ನನ್ನು ಎಬ್ಬಿಸಿ ನಿಲ್ಲಿಸಿದಾಗ ನನಗೆ ಗಾಬರಿಯಾಯಿತು. ಮನೆಗೆ ಬಂದ ಮೇಲೆ ವೈದ್ಯರು ಹೇಳಿದಂತೆ ಅಂಗಳದಲ್ಲಿ ಐದೈದು ನಿಮಿಷ, ದಿನಕ್ಕೆ ಎರಡು ಬಾರಿ ನಡೆದೆನು. ಅನಂತರ ವಾರವಾರವೂ ತುಸು ಹೆಚ್ಚಿಸಿದೆನು. ಈಗ ಬೆಳಗಿನ ತಂಪಿನಲ್ಲಿ ಕೋಟೆಯ ಬಾಗಿಲಿನವರೆಗೆ ಹೋಗಿ ಬರುತ್ತೇನೆ. ನಡೆಯುತ್ತಲೇ ಮಾತನಾಡಲು ಸಾಧ್ಯವಾದರೆ ವೇಗ ಸರಿಯಾಗಿದೆ ಎಂದರ್ಥ. ಎದೆನೋವು, ತಲೆಸುತ್ತು, ಅಸಹಜ ಏದುಸಿರು ಬಂದರೆ ಅಲ್ಲಿಗೇ ನಿಲ್ಲಬೇಕು, ವೈದ್ಯರಿಗೆ ತಿಳಿಸಬೇಕು. ವೈದ್ಯರ ಅನುಮತಿಯಿಲ್ಲದೆ ಯಾರೂ ಆರಂಭಿಸಬಾರದು.

ಕಳೆದ ಜಾತ್ರೆಗೆ ಹುಮನಾಬಾದಿಗೆ ಹೋಗಿದ್ದೆನು. ಅಣ್ಣ ಮಲಗಿದ್ದ ಕೋಣೆಯ ಹೊಸ್ತಿಲಿನಿಂದ ತೇರಿನ ಬೀದಿಗೆ ನಡೆಯುತ್ತ ಎಣಿಸಿದೆನು. ಇನ್ನೂರು ಹೆಜ್ಜೆಗಳು. ತೇರು ಮುಂದೆ ಸಾಗುವವರೆಗೂ ಅಲ್ಲಿಯೇ ನಿಂತಿದ್ದೆನು.

ಆದುದರಿಂದ ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಹಿರಿಯರು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದರೆ, "ಮಲಗಿಕೊಳ್ಳಿ" ಎನ್ನುವ ಮೊದಲು ವೈದ್ಯರನ್ನು ಒಂದು ಮಾತು ಕೇಳಿರಿ. ಅವರು ಆಗಲೆಂದರೆ ಕೈಹಿಡಿದು ಅಂಗಳಕ್ಕೆ ಕರೆತನ್ನಿರಿ, ಜೊತೆಗೆ ನೀವೂ ನಡೆಯಿರಿ.

ನಿಮ್ಮ ಗುರುಗಳ ಆಶೀರ್ವಾದಗಳು.