ಕ್ಯಾನ್ಸರ್ ಶಂಕೆ ಮತ್ತು ರಕ್ತಪರೀಕ್ಷೆ

ಕ್ಯಾನ್ಸರ್ ಇರಬಹುದೆಂಬ ಅನುಮಾನ ಮೂಡಿದ ಹೊತ್ತಿನಿಂದ ರೋಗ ಖಚಿತವಾಗುವವರೆಗೆ ಮಾಡಿಸುವ ರಕ್ತಪರೀಕ್ಷೆಗಳು ದಿಕ್ಕು ತೋರಿಸುವಂಥವು, ತೀರ್ಪು ಕೊಡುವಂಥವಲ್ಲ. ರಕ್ತದಲ್ಲೇ ಹುಟ್ಟುವ ಕೆಲವು ಕ್ಯಾನ್ಸರ್‌ಗಳನ್ನು ಬಿಟ್ಟರೆ ರಕ್ತದ ವರದಿಯೊಂದರಿಂದಲೇ ಕ್ಯಾನ್ಸರ್ ಇದೆಯೆಂದು ಹೇಳಲಾಗದು, ಇಲ್ಲವೆಂದೂ ಹೇಳಲಾಗದು. ವರದಿಯ ಅಂಕಿಗೆ ಅರ್ಥ ಬರುವುದು ರೋಗಿಯ ವಯಸ್ಸು, ಲಕ್ಷಣ, ಕಸುಬು ಮತ್ತು ಅವರು ಬದುಕುವ ಊರಿನೊಂದಿಗೆ ಅದನ್ನು ಸೇರಿಸಿ ಓದಿದಾಗ. ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಂಥ ಕಡೆ ಈ ಮಾತಿಗೆ ಹೆಚ್ಚಿನ ತೂಕವಿದೆ. ಕಬ್ಬಿಣಾಂಶದ ಕೊರತೆ, ಕ್ಷಯ, ಜಂತುಹುಳು, ಕೊಳವೆಬಾವಿಯ ಫ್ಲೋರೈಡ್ ನೀರು, ರೇಷ್ಮೆ ನೂಲು ಬಿಚ್ಚಾಣಿಕೆಯ ಕೆಲಸದಿಂದ ಬರುವ ಅಲರ್ಜಿ, ಇವೆಲ್ಲವೂ ಕ್ಯಾನ್ಸರ್ ಏರಿಳಿಸುವ ಅಂಕಿಗಳನ್ನೇ ಏರಿಳಿಸುತ್ತವೆ.

ವರದಿಯಲ್ಲಿ ಪ್ರತಿ ಅಂಕಿಯ ಪಕ್ಕದಲ್ಲಿ ಸಾಮಾನ್ಯ ಮಿತಿ ಮುದ್ರಿತವಾಗಿರುತ್ತದೆ. ಆರೋಗ್ಯವಂತರ ಗುಂಪೊಂದರಲ್ಲಿ 100ಕ್ಕೆ 95 ಮಂದಿಯ ಅಂಕಿ ಬೀಳುವ ಹರವು ಅದು. ಹಾಗಾಗಿ ಯಾವ ಕಾಯಿಲೆಯೂ ಇಲ್ಲದ ಉಳಿದ ಐವರ ಅಂಕಿ ಮಿತಿಯ ಹೊರಗೇ ಇರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಆರೋಗ್ಯವಂತರೊಬ್ಬರಿಗೆ ಒಟ್ಟಿಗೆ ಮಾಡಿಸಿದರೆ ಕನಿಷ್ಠ ಒಂದಾದರೂ ಮಿತಿ ಮೀರುವ ಸಂಭವ ಲೆಕ್ಕದ ಪ್ರಕಾರ ಶೇ. 64. ದಪ್ಪ ಅಕ್ಷರದಲ್ಲಿ ಅಥವಾ ನಕ್ಷತ್ರದ ಗುರುತಿನೊಂದಿಗೆ ಬಂದ ಅಂಕಿಯೆಲ್ಲ ರೋಗವಲ್ಲ. ಅಂಕಿ ಮಿತಿಯಿಂದ ಎಷ್ಟು ದೂರ ಹೋಗಿದೆ, ಹಳೆಯ ವರದಿಗಿಂತ ಎಷ್ಟು ಬದಲಾಗಿದೆ, ಜೊತೆಗೆ ಬೇರೆ ಯಾವ ಅಂಕಿ ಅಲುಗಿದೆ ಎಂಬುದನ್ನು ನೋಡಬೇಕು. ಹಿಮೋಗ್ಲೋಬಿನ್ 14ರಿಂದ ಒಂದು ವರ್ಷದಲ್ಲಿ 12ಕ್ಕೆ ಇಳಿದ ಗಂಡಸಿನ ವರದಿ, ಹತ್ತು ವರ್ಷದಿಂದ 12ರಲ್ಲೇ ನಿಂತಿರುವವರ ವರದಿಗಿಂತ ಹೆಚ್ಚು ಗಮನ ಬೇಡುತ್ತದೆ. ಹಳೆಯ ವರದಿಗಳನ್ನು ಎಸೆಯದೆ ಇಟ್ಟುಕೊಳ್ಳುವುದು ಈ ಕಾರಣಕ್ಕೆ ಮುಖ್ಯ.

ಮೊದಲ ಪರೀಕ್ಷೆ ಸಾಮಾನ್ಯವಾಗಿ ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆ. ಇದರಲ್ಲಿ ಹಿಮೋಗ್ಲೋಬಿನ್, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್‌ಗಳ ಲೆಕ್ಕ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹಿಮೋಗ್ಲೋಬಿನ್ ಡೆಸಿಲೀಟರಿಗೆ ಗಂಡಸರಲ್ಲಿ 13 ಗ್ರಾಂ, ಗರ್ಭಿಣಿಯಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಮುಟ್ಟಾಗುವ ವಯಸ್ಸಿನ ಹೆಂಗಸಿನಲ್ಲಿ ಹಿಮೋಗ್ಲೋಬಿನ್ 9 ಇದ್ದರೆ ಊಟದ ಕೊರತೆ, ಹೆಚ್ಚಿನ ಮುಟ್ಟಿನ ಸ್ರಾವ, ಕೊಕ್ಕೆಹುಳು ಇವುಗಳೇ ಬಹುಪಾಲು ಕಾರಣ. ಅದೇ 9 ಅರವತ್ತು ವರ್ಷದ ಗಂಡಸಿನಲ್ಲಿ ಅಥವಾ ಮುಟ್ಟು ನಿಂತ ಹೆಂಗಸಿನಲ್ಲಿ ಕಂಡರೆ ಅರ್ಥವೇ ಬೇರೆ. ಕಬ್ಬಿಣಾಂಶದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ ಇಳಿದಿದ್ದರೆ ಜಠರದಲ್ಲೋ ದೊಡ್ಡ ಕರುಳಿನಲ್ಲೋ ಕಣ್ಣಿಗೆ ಕಾಣದಂತೆ ರಕ್ತ ಸೋರುತ್ತಿರಬಹುದು, ಆ ಸೋರಿಕೆಗೆ ಕ್ಯಾನ್ಸರ್ ಕಾರಣವಿರಬಹುದು. ಇಂಥವರಿಗೆ ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಆಗಬೇಕು. ಕಾರಣ ಹುಡುಕದೆ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಸುವುದು ಅಪಾಯಕರ. ಮಾತ್ರೆಯಿಂದ ಹಿಮೋಗ್ಲೋಬಿನ್ ತುಸು ಏರಿ ಮನೆಯವರಿಗೆ ಸಮಾಧಾನವಾಗುತ್ತದೆ, ಒಳಗಿನ ಗೆಡ್ಡೆ ಮಾತ್ರ ಬೆಳೆಯುತ್ತಲೇ ಇರುತ್ತದೆ. ರಕ್ತ ಕೊಡಿಸುವಷ್ಟು ಹಿಮೋಗ್ಲೋಬಿನ್ ಕುಸಿದಿದ್ದರೆ ಫೆರಿಟಿನ್, ಬಿ12 ಮತ್ತು ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ) ಪರೀಕ್ಷೆಗೆ ಬೇಕಾದ ಮಾದರಿಯನ್ನು ರಕ್ತ ಏರಿಸುವ ಮೊದಲೇ ತೆಗೆದಿಡಬೇಕು. ಆಮೇಲೆ ತೆಗೆದದ್ದರಲ್ಲಿ ದಾನಿಯ ರಕ್ತವೂ ಬೆರೆತಿರುತ್ತದೆ.

ಬಿಳಿ ರಕ್ತಕಣಗಳು ಮೈಕ್ರೋಲೀಟರಿಗೆ 4,000ದಿಂದ 11,000 ಇರುವುದು ವಾಡಿಕೆ. ಸೋಂಕಿನಲ್ಲಿ 15,000, 20,000ಕ್ಕೆ ಏರುವುದು ದಿನನಿತ್ಯದ ಸಂಗತಿ. ಬಿಳಿ ಕಣಗಳಲ್ಲೊಂದು ಬಗೆಯಾದ ಇಸ್ನೋಫಿಲ್ ಹೆಚ್ಚಿದ್ದರೆ ಈ ಸೀಮೆಯಲ್ಲಿ ಮೊದಲು ನೆನೆಯಬೇಕಾದದ್ದು ಜಂತುಹುಳು ಮತ್ತು ಅಲರ್ಜಿಯನ್ನು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವರಲ್ಲಿ ಗೂಡಿನ ಪ್ರೋಟೀನಿನಿಂದ ಅಲರ್ಜಿಯ ಉಬ್ಬಸ ಬರುವುದು ಹಿಂದಿನಿಂದಲೂ ತಿಳಿದದ್ದು. ಬಿಳಿ ರಕ್ತಕಣಗಳ ಎಣಿಕೆ 50,000 ಅಥವಾ ಲಕ್ಷ ದಾಟಿದರೆ, ಅಥವಾ ವರದಿಯಲ್ಲಿ ‘ಬ್ಲಾಸ್ಟ್’ ಎಂಬ ಮಾತು ಬಂದರೆ ಅದು ತಡಮಾಡದೆ ನೋಡಬೇಕಾದ ವರದಿ. ಬ್ಲಾಸ್ಟ್ ಎಂದರೆ ಮೂಳೆಮಜ್ಜೆಯಲ್ಲೇ ಇದ್ದು ಬೆಳೆಯಬೇಕಾದ ಎಳೆಯ ಕಣ. ತೀವ್ರ ರಕ್ತಕ್ಯಾನ್ಸರಿನಲ್ಲಿ ಅದು ರಕ್ತಕ್ಕೆ ನುಗ್ಗುತ್ತದೆ, ಜೊತೆಗೆ ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಇಳಿದಿರುತ್ತವೆ. ಇಲ್ಲಿ ದಿನಗಳ ಲೆಕ್ಕ ಮುಖ್ಯವಾಗುತ್ತದೆ.

ರಕ್ತದ ಪರೀಕ್ಷೆಯೇ ನಿರ್ಣಯಕ್ಕೆ ಸಾಕಾಗುವ ಸಂದರ್ಭಗಳು ಇರುವುದು ರಕ್ತಕ್ಯಾನ್ಸರ್‌ಗಳ ಈ ವರ್ಗದಲ್ಲಿ. ಸಿಎಂಎಲ್ ಎಂದು ಕರೆಯುವ ದೀರ್ಘಕಾಲಿಕ ರಕ್ತಕ್ಯಾನ್ಸರನ್ನು ಕೈಯಿಂದ ತೆಗೆದ ರಕ್ತದಲ್ಲೇ ಬಿಸಿಆರ್-ಎಬಿಎಲ್ ಜೀನಿನ ಪರೀಕ್ಷೆ ಮಾಡಿ ಗುರುತಿಸಬಹುದು. ಸಿಎಲ್‌ಎಲ್ ಎಂಬ ಮತ್ತೊಂದು ಬಗೆಯನ್ನು ಫ್ಲೋ ಸೈಟೊಮೆಟ್ರಿಯಿಂದ ಪತ್ತೆಮಾಡುತ್ತಾರೆ. ಸಿಎಂಎಲ್ ಮಟ್ಟಿಗೆ ಈ ಪತ್ತೆ ಬದುಕನ್ನೇ ಬದಲಿಸುವಂಥದ್ದು. 2001ರಲ್ಲಿ ಬಳಕೆಗೆ ಬಂದ ಇಮ್ಯಾಟಿನಿಬ್ ಮಾತ್ರೆಯಿಂದ ಹೆಚ್ಚಿನ ರೋಗಿಗಳು ಮಾತ್ರೆ ಸೇವಿಸುತ್ತ ವರ್ಷಾನುಗಟ್ಟಲೆ ದುಡಿದು ಬದುಕುವಂತಾಯಿತು.

ಇದಕ್ಕೆ ತಿರುಗುಮುರುಗಾಗಿ, ರಕ್ತಕ್ಯಾನ್ಸರಿನಂತೆಯೇ ಕಾಣುವ ಸಾಧಾರಣ ಕಾಯಿಲೆಯೂ ಉಂಟು. ಬಿ12 ವಿಟಮಿನ್ ತೀರಾ ಕಡಿಮೆಯಾದವರಲ್ಲಿ ಮೂರೂ ಬಗೆಯ ಕಣಗಳು ಇಳಿಯುತ್ತವೆ, ಎಲ್‌ಡಿಎಚ್ ಎಂಬ ಅಂಕಿ ಸಾವಿರಗಳಿಗೆ ಏರಬಹುದು. ಮನೆಯವರು ರಕ್ತಕ್ಯಾನ್ಸರ್ ಎಂದೇ ಹೆದರುವ ಇಂಥ ಪ್ರಸಂಗ ಕೆಲವೇ ಚುಚ್ಚುಮದ್ದುಗಳಿಂದ ಸರಿಹೋಗುತ್ತದೆ. ಸ್ಮಿಯರ್ ಓದುವ ರೋಗಶಾಸ್ತ್ರಜ್ಞರ ಕಣ್ಣು ಎಣಿಕೆಯ ಯಂತ್ರಕ್ಕಿಂತ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ಲೇಟ್‌ಲೆಟ್ 1.5 ಲಕ್ಷದಿಂದ ಸುಮಾರು 4.5 ಲಕ್ಷದವರೆಗೆ ಸಹಜ. ಮಳೆಗಾಲದಲ್ಲಿ ಜ್ವರದೊಂದಿಗೆ ಇಳಿದರೆ ಡೆಂಗಿಯ ಅನುಮಾನವೇ ಮೊದಲು, ಮತ್ತು ಆ ಇಳಿತ ಒಂದೆರಡು ವಾರದಲ್ಲಿ ಸರಿಯಾಗುತ್ತದೆ. ಸರಿಯಾಗದೆ ಉಳಿದರೆ ಸ್ಮಿಯರ್ ನೋಡಿಸಬೇಕು. ಪ್ಲೇಟ್‌ಲೆಟ್ ಹೆಚ್ಚಾಗುವುದನ್ನು ಬಹಳ ಜನ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. 40 ದಾಟಿದವರನ್ನು ಕುರಿತು ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ಲೇಟ್‌ಲೆಟ್ ಹೆಚ್ಚಿದ್ದ ಗಂಡಸರಲ್ಲಿ ಶೇ. 11.6, ಹೆಂಗಸರಲ್ಲಿ ಶೇ. 6.2 ಮಂದಿಗೆ ವರ್ಷದೊಳಗೆ ಕ್ಯಾನ್ಸರ್ ಪತ್ತೆಯಾಯಿತು. ಆ ಅಂಕಿಯನ್ನು ಇಲ್ಲಿಗೆ ನೇರವಾಗಿ ತರುವಂತಿಲ್ಲ. ಕಬ್ಬಿಣಾಂಶದ ಕೊರತೆಯೂ ಕ್ಷಯವೂ ಪ್ಲೇಟ್‌ಲೆಟ್ ಏರಿಸುತ್ತವೆ, ಇಲ್ಲಿ ಅವೆರಡೂ ಹೆಚ್ಚು.

ಇಎಸ್‌ಆರ್ ತೀರ ಹಳೆಯ, ಅಗ್ಗದ ಪರೀಕ್ಷೆ. ವಯಸ್ಸು, ಬಸಿರು, ರಕ್ತಹೀನತೆ, ಯಾವುದೇ ಉರಿಯೂತದಿಂದ ಏರುವ ಇದರ 40, 50ರಂಥ ಅಂಕಿಯಿಂದ ಏನನ್ನೂ ತೀರ್ಮಾನಿಸಲಾಗದು. 100 ದಾಟಿದರೆ ಮಾತ್ರ ಕಾರಣ ಹುಡುಕಲೇಬೇಕು. ಕ್ಷಯ, ದೊಡ್ಡ ಸೋಂಕು, ಸಂಧಿವಾತದ ಕೆಲವು ಬಗೆ, ಮತ್ತು ಮಯಲೋಮ ಎಂಬ ಮಜ್ಜೆಯ ಕ್ಯಾನ್ಸರ್ ಆ ಪಟ್ಟಿಯಲ್ಲಿವೆ. ವಯಸ್ಸಾದವರಲ್ಲಿ ಬಿಡದ ಬೆನ್ನುನೋವು, ರಕ್ತಹೀನತೆ, ಏರಿದ ಕ್ರಿಯಾಟಿನಿನ್, ಏರಿದ ಕ್ಯಾಲ್ಸಿಯಂ, ಆಲ್ಬ್ಯುಮಿನ್‌ಗಿಂತ ಗ್ಲೋಬ್ಯುಲಿನ್ ಹೆಚ್ಚು, ಇವು ಒಟ್ಟಿಗೆ ಬಂದರೆ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ ಮಾಡಿಸುವುದು ಕಡ್ಡಾಯವೆನ್ನಬೇಕು. ಬಿಡಿಬಿಡಿಯಾಗಿ ಅಲ್ಪವೆನಿಸುವ ಅಂಕಿಗಳನ್ನು ಒಟ್ಟಿಗಿಟ್ಟು ಓದದೆ ಹೋದರೆ ಮಯಲೋಮ ತಿಂಗಳುಗಟ್ಟಲೆ ಸೊಂಟನೋವೆಂದೇ ಸಾಗುತ್ತದೆ.

ಆಲ್ಕಲೈನ್ ಫಾಸ್ಫಟೇಸ್ ಪಿತ್ತನಾಳ ಮತ್ತು ಮೂಳೆಯಿಂದ ರಕ್ತಕ್ಕೆ ಬರುವ ಕಿಣ್ವ. ಬೆಳೆಯುವ ಮಕ್ಕಳಲ್ಲಿ ಸಹಜವಾಗಿಯೇ ಹೆಚ್ಚಿರುತ್ತದೆ. ವಯಸ್ಕರಲ್ಲಿ ಏರಿದರೆ ಕ್ಯಾನ್ಸರ್ ಮೂಳೆಗೆ ಹರಡಿರಬಹುದೆಂಬ ಅನುಮಾನ ಏಳುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಇಲ್ಲಿ ಇನ್ನೊಂದು ಸಾಧ್ಯತೆಯೂ ಸೇರಿಕೊಳ್ಳುತ್ತದೆ. ಹಲವು ವರ್ಷ ಆ ನೀರು ಕುಡಿದವರಲ್ಲಿ ಮೂಳೆಯ ಫ್ಲೋರೋಸಿಸ್ ಬರುತ್ತದೆ, ಕೀಲು ಮತ್ತು ಬೆನ್ನು ಬಿಗಿಯುತ್ತವೆ, ಆಲ್ಕಲೈನ್ ಫಾಸ್ಫಟೇಸ್ ಏರಬಹುದು, ಎಕ್ಸ್‌ರೇಯಲ್ಲಿ ಮೂಳೆ ಅತಿ ದಟ್ಟವಾಗಿ ಬೆಳ್ಳಗೆ ಕಾಣುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದಾಗಲೂ ಚಿತ್ರ ಇದನ್ನೇ ಹೋಲುತ್ತದೆ. ರೋಗಿ ಎಷ್ಟು ವರ್ಷ ಯಾವ ನೀರು ಕುಡಿದರೆಂದು ಕೇಳುವುದು, ಹಲ್ಲಿನ ಕಲೆ ನೋಡುವುದು, ಪ್ರಾಸ್ಟೇಟ್ ಗ್ರಂಥಿಯ ಸೂಚಕವಾದ ಪಿಎಸ್‌ಎ ಪರೀಕ್ಷಿಸುವುದು ಎರಡನ್ನೂ ಬಿಡಿಸಿ ನೋಡಲು ನೆರವಾಗುತ್ತವೆ.

ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಟ್ಯೂಮರ್ ಮಾರ್ಕರ್‌ಗಳ ಹೆಸರು ಕೇಳಿದರೆ ಗೆಡ್ಡೆಯನ್ನು ನೇರವಾಗಿ ಹಿಡಿದುಕೊಡುವಂತೆ ತೋರುತ್ತದೆ. ನಿಜದಲ್ಲಿ ಇವುಗಳ ದೊಡ್ಡ ಉಪಯೋಗ ರೋಗ ಖಚಿತವಾದ ಮೇಲೆ, ಚಿಕಿತ್ಸೆ ಫಲಿಸುತ್ತಿದೆಯೇ, ಕಾಯಿಲೆ ಮರುಕಳಿಸಿತೇ ಎಂದು ನೋಡುವುದಕ್ಕೆ. ಪಿಎಸ್‌ಎ ಸಾಮಾನ್ಯವಾಗಿ 4ರೊಳಗೆ ಇರಬೇಕೆನ್ನುತ್ತಾರೆ. 4ರಿಂದ 10ರ ನಡುವೆ ಇದ್ದವರಲ್ಲಿ ಬಯಾಪ್ಸಿ ಮಾಡಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಕಾಣುತ್ತದೆ. ಉಳಿದವರಲ್ಲಿ ವಯಸ್ಸಿನಿಂದ ಊದಿದ ಗ್ರಂಥಿಯೋ ಮೂತ್ರದ ಸೋಂಕೋ ಕಾರಣ. ಸೋಂಕು ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಮತ್ತೆ ಪರೀಕ್ಷಿಸಬೇಕು. ಫಿನಾಸ್ಟೆರೈಡ್ ಮಾತ್ರೆ ದೀರ್ಘಕಾಲ ತೆಗೆದುಕೊಳ್ಳುವವರಲ್ಲಿ ಅಂಕಿ ಅರ್ಧದಷ್ಟು ಇಳಿದು ಸುಳ್ಳು ಸಮಾಧಾನ ಕೊಡುತ್ತದೆ. 1965ರಲ್ಲಿ ಕಂಡುಹಿಡಿದ ಸಿಇಎ ಎಂಬ ಮಾರ್ಕರ್ ಬೀಡಿ, ಸಿಗರೇಟು ಸೇದುವವರಲ್ಲಿ ತಾನಾಗಿಯೇ ತುಸು ಏರಿರುತ್ತದೆ. ಸಿಎ 19-9 ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಏರುವಂತೆ ಪಿತ್ತನಾಳ ಕಲ್ಲಿನಿಂದ ಮುಚ್ಚಿದಾಗಲೂ ಏರುತ್ತದೆ.

ಸಿಎ 125ರ ವಿಷಯದಲ್ಲಿ ನಮ್ಮ ಕಡೆಯ ಅನುಭವ ವಿಶೇಷವಾದದ್ದು. ಇದರ ವಾಡಿಕೆಯ ಮಿತಿ 35. ಅಂಡಾಶಯದ ಕ್ಯಾನ್ಸರಿನ ಪರೀಕ್ಷೆಯೆಂದು ಹೆಸರಾದರೂ ಮುಟ್ಟಿನ ದಿನಗಳು, ಬಸಿರು, ಗರ್ಭಕೋಶದ ಗಡ್ಡೆ, ಎಂಡೋಮೆಟ್ರಿಯೋಸಿಸ್, ಯಕೃತ್ತಿನ ಕಾಯಿಲೆ ಎಲ್ಲದರಲ್ಲೂ ಏರುತ್ತದೆ. ಹೊಟ್ಟೆಯ ಕ್ಷಯದಲ್ಲಿ ನೂರುಗಳ ಲೆಕ್ಕದಲ್ಲಿ ಏರುವುದುಂಟು. ಹೊಟ್ಟೆಯಲ್ಲಿ ನೀರು ತುಂಬಿ, ತೂಕ ಇಳಿದು, ಸ್ಕ್ಯಾನಿನಲ್ಲಿ ಗಂಟುಗಂಟಾದ ಪೊರೆ ಕಂಡು, ಸಿಎ 125 ಕೂಡ 500 ಬಂದ ಹೆಂಗಸಿಗೆ ಹರಡಿದ ಕ್ಯಾನ್ಸರ್ ಎಂದೇ ಎಲ್ಲರೂ ಕೈಚೆಲ್ಲಬಹುದು. ಪೊರೆಯ ಚೂರು ತೆಗೆದು ನೋಡಿದರೆ ಕ್ಷಯವೆಂದು ತಿಳಿದು, ಆರು ತಿಂಗಳ ಔಷಧಿಯಿಂದ ಆಕೆ ಪೂರ್ತಿ ಗುಣವಾಗುವ ಸಾಧ್ಯತೆ ಇದ್ದೇ ಇದೆ. ಮತ್ತೊಂದೆಡೆ, ಆರಂಭದ ಹಂತದ ಅಂಡಾಶಯ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಈ ಅಂಕಿ ಏರಿರುವುದೇ ಇಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ದೀರ್ಘ ಪ್ರಯೋಗದ 2021ರ ಫಲಿತಾಂಶದ ಪ್ರಕಾರ, ಲಕ್ಷಣವಿಲ್ಲದವರಿಗೆ ಸಿಎ 125 ಅಥವಾ ಸ್ಕ್ಯಾನ್ ಮೂಲಕ ತಪಾಸಣೆ ಮಾಡಿದ್ದರಿಂದ ಅಂಡಾಶಯ ಕ್ಯಾನ್ಸರಿನ ಸಾವುಗಳು ಕಡಿಮೆಯಾಗಲಿಲ್ಲ.

ಲಕ್ಷಣವೇ ಇಲ್ಲದವರಿಗೆ ‘ಫುಲ್ ಬಾಡಿ ಚೆಕಪ್’ ಹೆಸರಿನಲ್ಲಿ ಮಾರ್ಕರ್‌ಗಳ ಕಟ್ಟನ್ನೇ ಮಾಡಿಸುವುದು ಏಕೆ ತಪ್ಪೆಂಬುದು ಸರಳ ಲೆಕ್ಕದಿಂದ ತಿಳಿಯುತ್ತದೆ. 10,000 ಜನರಲ್ಲಿ 10 ಮಂದಿಗೆ ಒಂದು ಕ್ಯಾನ್ಸರ್ ಇದೆಯೆನ್ನೋಣ. ಹತ್ತರಲ್ಲಿ ಎಂಟನ್ನು ಹಿಡಿಯುವ, ಆರೋಗ್ಯವಂತರಲ್ಲಿ ನೂರಕ್ಕೆ ಐವರನ್ನು ಮಾತ್ರ ತಪ್ಪಾಗಿ ತೋರಿಸುವ ಒಳ್ಳೆಯ ಪರೀಕ್ಷೆಯನ್ನೇ ಮಾಡಿದರೂ 8 ರೋಗಿಗಳ ಜೊತೆ ಸುಮಾರು 500 ಆರೋಗ್ಯವಂತರ ಕೈಗೂ ಅಸಹಜ ವರದಿ ಸೇರುತ್ತದೆ. ಆ 500 ಮನೆಗಳ ಭಯ, ಮುಂದಿನ ಸ್ಕ್ಯಾನಿಗೆಂದು ಮಾಡುವ ಸಾಲ, ಬೇಡದ ಬಯಾಪ್ಸಿ ಇವೆಲ್ಲ ಆ ಪರೀಕ್ಷೆಯ ಬೆಲೆಯೊಳಗೇ ಬರುತ್ತವೆ.

ಅದಕ್ಕಿಂತ ಗಂಭೀರವಾದದ್ದು ಸಹಜ ವರದಿ ಕೊಡುವ ಸುಳ್ಳು ಧೈರ್ಯ. ಹೊಗೆಸೊಪ್ಪು, ಎಲೆಅಡಿಕೆಯನ್ನು ದವಡೆಯಲ್ಲಿಟ್ಟುಕೊಳ್ಳುವ ಅಭ್ಯಾಸವಿರುವ ಕೋಲಾರ–ಚಿಕ್ಕಬಳ್ಳಾಪುರ ಸೀಮೆಯಲ್ಲಿ ಬಾಯಿಯ ಕ್ಯಾನ್ಸರ್, ಹೆಂಗಸರಲ್ಲಿ ಸ್ತನ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರ್ ಮುಖ್ಯವಾದವು. ಆರಂಭದ ಹಂತದಲ್ಲಿ ಈ ಮೂರನ್ನೂ ಮೇಲೆ ಹೇಳಿದ ಯಾವ ಪರೀಕ್ಷೆಯೂ ನಂಬುವಂತೆ ತೋರಿಸುವುದಿಲ್ಲ. ಬಾಯಿಯನ್ನು ಬೆಳಕಿನಲ್ಲಿ ನೋಡುವುದು, ಸ್ತನವನ್ನು ಕೈಯಿಂದ ಪರೀಕ್ಷಿಸುವುದು, ಗರ್ಭಕೋಶದ ಕೊರಳಿಗೆ ಅಸಿಟಿಕ್ ಆಮ್ಲ ಸವರಿ ನೋಡುವುದು ಇವೇ 30 ದಾಟಿದವರಿಗೆಂದು ಕೇಂದ್ರ ಸರ್ಕಾರ 2016ರಲ್ಲಿ ರೂಪಿಸಿದ ತಪಾಸಣೆಯ ಕ್ರಮ. ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ ಇವುಗಳಲ್ಲಿ ಯಾವುದೇ ಇದ್ದರೂ ರಕ್ತದ ವರದಿ ಎಷ್ಟೇ ಚೆನ್ನಾಗಿರಲಿ, ಮುಂದಿನ ಪರೀಕ್ಷೆ ಆಗಲೇಬೇಕು.

ಮಾದರಿ ತೆಗೆದ ರೀತಿ, ಸಾಗಿಸಿದ ರೀತಿಯೂ ಅಂಕಿಯನ್ನು ಕೆಡಿಸಬಲ್ಲದು. ಹಳ್ಳಿಯಲ್ಲಿ ತೆಗೆದ ರಕ್ತ ಪಟ್ಟಣದ ಲ್ಯಾಬಿಗೆ ಬಿಸಿಲಲ್ಲಿ ಕುಲುಕುತ್ತ ಹೋದರೆ ಕೆಂಪುಕಣ ಒಡೆದು ಪೊಟ್ಯಾಸಿಯಂ, ಎಲ್‌ಡಿಎಚ್ ಸುಳ್ಳಾಗಿ ಏರುತ್ತವೆ. ನೇರಳೆ ಮುಚ್ಚಳದ ಕೊಳವೆಯ ಇಡಿಟಿಎ ರಾಸಾಯನಿಕದಿಂದ ಕೆಲವರ ಪ್ಲೇಟ್‌ಲೆಟ್ ಗುಂಪುಗೂಡಿ ಯಂತ್ರದ ಎಣಿಕೆಯಲ್ಲಿ ಕಡಿಮೆ ಕಾಣುತ್ತವೆ. ಅನಿರೀಕ್ಷಿತ ಅಂಕಿ ಬಂದರೆ ಹೊಸ ಮಾದರಿಯಲ್ಲಿ ಮತ್ತೊಮ್ಮೆ ನೋಡುವುದು ಸರಿಯಾದ ಮೊದಲ ಹೆಜ್ಜೆ. ಮಾರ್ಕರ್‌ಗಳನ್ನು ಹೋಲಿಸುವಾಗ ಒಂದೇ ಲ್ಯಾಬಿನ ವರದಿಗಳಿರಬೇಕು, ಏಕೆಂದರೆ ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಕೊನೆಯ ನಿರ್ಣಯ ಸಾಮಾನ್ಯವಾಗಿ ಅಂಗಾಂಶದ ಚೂರಿನಿಂದ, ಅಂದರೆ ಬಯಾಪ್ಸಿಯಿಂದ. ಹೆಪಟೈಟಿಸ್ ಬಿ ಅಥವಾ ಸಿರೋಸಿಸ್ ಇರುವವರ ಯಕೃತ್ತಿನ ಕ್ಯಾನ್ಸರನ್ನು ಸ್ಕ್ಯಾನಿನ ವಿಶಿಷ್ಟ ಲಕ್ಷಣದಿಂದಲೇ ಗುರುತಿಸುವಂಥ ಕೆಲವು ಅಪವಾದಗಳಿವೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯದಿಂದ ಬಯಾಪ್ಸಿಗೆ ಒಪ್ಪದೆ ಇರುವುದು ನಿರ್ಣಯವನ್ನು ಎಲ್ಲಕ್ಕಿಂತ ಹೆಚ್ಚು ತಡಮಾಡುವ ಕಾರಣಗಳಲ್ಲೊಂದು. ಸಾಮಾನ್ಯ ಬಯಾಪ್ಸಿಗಳಲ್ಲಿ ಆ ಅಪಾಯ ಅತ್ಯಲ್ಪ. ದುಗ್ಧಗ್ರಂಥಿ ಊದಿಕೊಂಡು ಲಿಂಫೋಮದ ಅನುಮಾನವಿರುವವರಿಗೆ ಬಯಾಪ್ಸಿಗೆ ಮೊದಲೇ ಸ್ಟೆರಾಯ್ಡ್ ಕೊಟ್ಟರೆ ಗೆಡ್ಡೆ ತಾತ್ಕಾಲಿಕವಾಗಿ ಕರಗಿ ನಿರ್ಣಯವೇ ಕೈತಪ್ಪಬಹುದು.

ಸಾದಲಿ ಹೋಬಳಿಯವರಿಗೆ ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆ, ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಮುಂದೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇವೇ ಸಾಮಾನ್ಯ ಹಾದಿ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಶಿಫಾರಸು ಪತ್ರದೊಂದಿಗೆ ಈವರೆಗಿನ ಎಲ್ಲ ವರದಿಗಳನ್ನು ದಿನಾಂಕದ ಕ್ರಮದಲ್ಲಿ, ಸೇವಿಸುತ್ತಿರುವ ಔಷಧಿಗಳ ಚೀಟಿಯನ್ನು, ಸ್ಮಿಯರ್ ಅಥವಾ ಬಯಾಪ್ಸಿ ಆಗಿದ್ದರೆ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕನ್ನು ಕೇಳಿ ಪಡೆದು ಒಯ್ಯಬೇಕು. ಬ್ಲಾಕ್ ಇದ್ದರೆ ದೊಡ್ಡ ಆಸ್ಪತ್ರೆಯ ರೋಗಶಾಸ್ತ್ರಜ್ಞರು ಅದನ್ನೇ ಮತ್ತೆ ಪರೀಕ್ಷಿಸಬಹುದು, ಬಹಳಷ್ಟು ಸಲ ರೋಗಿಗೆ ಎರಡನೇ ಬಯಾಪ್ಸಿ ತಪ್ಪುತ್ತದೆ.